ಒಂದು ಕುರಿತಲೆ, ಇಬ್ಬರು ದೊರೆಗಳು

ನನ್ನ ಅತ್ತೆ ಕಾನಿಪಾ ಅವರ ಮಣ್ಣಿನ ಮನೆಯನ್ನು ಕಟ್ಟಿಸಿದ್ದು ರಷ್ಯದ ಚಕ್ರವರ್ತಿ. ಕೆಡವಬೇಕೆಂದದ್ದು ಆ ಚಕ್ರವರ್ತಿಯದೇ ಗವರ್ನರು. ಬಯಲಲ್ಲಿ ಅಲೆಯುವ ಕಜಾಕರಾದ ನಾವು ಒಂದೆಡೆ ನೆಲೆನಿಂತರೆ ಮನುಷ್ಯರಾಗುತ್ತೇವೆಂದು ರಾಜಧಾನಿ ಪೀಟರ್ಸ್‌ಬರ್ಗ್ ಹೇಳಿತ್ತು. ನೆಲೆನಿಂತರೆ ಕುದುರೆ ಸಾಕುವುದನ್ನು ಬಿಡುತ್ತಾರೆ, ಆಮೇಲೆ ಸೈನ್ಯಕ್ಕೆ ಕುದುರೆ ಎಲ್ಲಿಂದ ತರುವುದೆಂದು ಒರೆನ್‌ಬರ್ಗಿನ ಹೊಸ ಗವರ್ನರು ಕೇಳಿದ್ದರು. ನಮ್ಮನ್ನಂತೂ ಯಾರೂ ಕೇಳಿರಲಿಲ್ಲ.

ಮೊದಲ ವರ್ಷ ಅತ್ತೆ ಆ ಮನೆಯೊಳಗೆ ಕುರಿಮರಿಗಳನ್ನು ಕೂಡಿಹಾಕಿ, ತಾವು ಪಕ್ಕದ ಕಂಬಳಿ ಗುಡಾರದಲ್ಲೇ ಮಲಗಿದರು. "ಗೋಡೆಗೆ ಉಸಿರಿಲ್ಲ ಕಣೇ" ಎನ್ನುತ್ತಿದ್ದರು. ಆ ಚಳಿಗಾಲ ಗುಡಾರದಲ್ಲಿ ನನ್ನ ಮೊದಲ ಕೂಸು ಚಳಿ ತಾಳದೆ ಹೋಯಿತು. ಮರುವರ್ಷ ಮಗ ತೋಕ್ತಾರ್ ಹುಟ್ಟಿದಾಗ ಅತ್ತೆ ಮರಿಗಳನ್ನು ಹೊರಗಟ್ಟಿ, ಒಲೆ ಹೊತ್ತಿಸಿ, ನಮ್ಮಿಬ್ಬರನ್ನೂ ಒಳಗೆ ಮಲಗಿಸಿದರು. ನಾನು ಗಳಿಗೆಗೊಮ್ಮೆ ಅವನ ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದೆ.

ಆ ವರ್ಷ ಮೊದಲ ಹಿಮ ಬಿದ್ದ ದಿನ ಇಬ್ಬರು ಅತಿಥಿಗಳು ಒಟ್ಟಿಗೇ ಬಂದರು: ಮನೆ ಕೆಡವಿಸಲು ಗವರ್ನರರ ಕ್ಯಾಪ್ಟನ್, ಮನೆ ನೋಡಿ ಹೊಗಳಲು ರಾಜಧಾನಿಯ ಅಧಿಕಾರಿ. ಒರೆನ್‌ಬರ್ಗಿನ ಶಾಲೆಯಲ್ಲಿ ರಷ್ಯನ್ ಕಲಿತ ನಾನೇ ನಡುವೆ ದುಭಾಷಿ.

ಅತ್ತೆ ಕುರಿ ಕೊಯ್ಯಿಸಿದರು. ಬೇಯಿಸಿದ ತಲೆಯನ್ನು ತಟ್ಟೆಯಲ್ಲಿಟ್ಟು, ಇಬ್ಬರ ನಟ್ಟನಡುವೆ ಇರಿಸಿದರು.

"ಹೇಳೇ ಹುಡುಗಿ. ತಲೆ ದೊಡ್ಡ ಅತಿಥಿಗೆ. ಅವ್ರು ಕೊಯ್ಯೋವರೆಗೂ ಬೇರೆ ಯಾರೂ ತುತ್ತು ಮುಟ್ಟೋ ಹಾಗಿಲ್ಲ. ಯಾರು ದೊಡ್ಡೋರು ಅಂತ ಈ ಮುದುಕಿಗೇನು ಗೊತ್ತು? ಅವ್ರೇ ಹೇಳ್ಲಿ. ಮನೆ ವಿಷಯಾನೂ ಆ ದೊಡ್ಡೋರು ಹೇಳ್ದಂಗೇ ಆಗ್ಲಿ."

"ಅತ್ತೆ, ಇಬ್ರೂ ಸಿಟ್ಟಾದ್ರೆ?"

"ಆಗ್ಲಿ ಬಿಡು. ನೀನು ಹೇಳು."

ಹೇಳಿದೆ. ಇಬ್ಬರ ಕೈಯೂ ಚಾಕುವಿನತ್ತ ಹೋಯಿತು.

"ನಾನು ಚಕ್ರವರ್ತಿಗಳ ಕಡೆಯವನು!" ಎಂದರು ರಾಜಧಾನಿಯವರು.

"ಸ್ವಾಮಿ, ಈ ಬಯಲಲ್ಲಿ ಚಕ್ರವರ್ತಿ ಅಂದ್ರೂ ನಮ್ಮ ಗವರ್ನರೇ," ಎಂದರು ಕ್ಯಾಪ್ಟನ್.

"ಗವರ್ನರು ಚಕ್ರವರ್ತಿಗಳ ಆಳು ಕಣಯ್ಯಾ!"

"ಅದನ್ನೇ ಗವರ್ನರರ ಎದುರು ನಿಂತು ಹೇಳಿ, ನೋಡೋಣ!"

ತಲೆಯ ಮೇಲಿನ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತು. ಯಾರು ದೊಡ್ಡವರೆಂದು ಪೀಟರ್ಸ್‌ಬರ್ಗಿನಿಂದ ಇತ್ಯರ್ಥವಾಗುವವರೆಗೆ ಮನೆಯ ಒಂದು ಹೆಂಟೆ ಮಣ್ಣನ್ನೂ ಯಾರೂ ಮುಟ್ಟಕೂಡದು ಎಂಬ ಒಂದೇ ಮಾತಿಗೆ ಇಬ್ಬರೂ ಒಪ್ಪಿ, ಹಸಿದ ಹೊಟ್ಟೆಯಲ್ಲೇ ಗಾಡಿ ಹತ್ತಿದರು.

ಅತ್ತೆ ಕುರಿತಲೆಯ ಕಿವಿ ಕೊಯ್ದು ತೋಕ್ತಾರನ ತುಟಿಗೆ ಸವರಿದರು. ನಮ್ಮಲ್ಲಿ ಕಿವಿ ಮಕ್ಕಳ ಪಾಲು.

"ಅಯ್ಯೋ ಅತ್ತೆ, ಅವನಿಗೆ ಹಲ್ಲೇ ಇಲ್ವಲ್ಲ! ಗಂಟಲಿಗೆ ಸಿಕ್ಕಿದ್ರೆ?"

"ಸುಮ್ನಿರೇ. ಇತ್ಯರ್ಥ ಬರೋ ಹೊತ್ತಿಗೆ ಹಲ್ಲು ಬಂದಿರುತ್ತೆ."

ಹಲ್ಲು ಬಂತು. ಈಗ ಆ ಹಾಲುಹಲ್ಲುಗಳು ಉದುರತೊಡಗಿವೆ. ಇತ್ಯರ್ಥ ಇನ್ನೂ ದಾರಿಯಲ್ಲಿದೆ. ಅತ್ತೆ ಮಾತ್ರ ಇವತ್ತಿಗೂ ಗುಡಾರದಲ್ಲೇ ಮಲಗುತ್ತಾರೆ.