ಮನೆಯವಳ ನಾಡಿ

ಹಳೆಯ ಕೈಬರಹದ ಪುಸ್ತಕಗಳ ಪಟ್ಟಿ ಮಾಡುವುದು ನನ್ನ ಕೆಲಸ. ಅದಕ್ಕೆಂದೇ ಸಿಂದಗಿಯ ಒಬ್ಬ ಮುದಿ ಹಕೀಮರ ಮನೆಗೆ ಹೋಗಿದ್ದೆ. ಸಾವಿರ ವರ್ಷದ ಹಿಂದೆ ಬಾಗ್ದಾದಿನ ವೈದ್ಯರು ಕಲಿಸಿದ್ದನ್ನು ಅವರ ಮುತ್ತಜ್ಜ ಪಾರ್ಸಿಯಲ್ಲಿ ಬರೆದಿಟ್ಟಿದ್ದರು. ಇವರಿಗೆ ಪಾರ್ಸಿ ಬಾರದು. ತಂದೆ ಬಾಯಿಪಾಠ ಮಾಡಿಸಿದ್ದೇ ಇವರ ವಿದ್ಯೆ.

"ನಾಡಿ ನೋಡೋ ಅಧ್ಯಾಯ ಪೂರಾ ಓದ್ರಿ ಅಕ್ಕಾರ," ಅಂದರು. "ಹಕೀಮ ತನ್ನ ಹೇಂತಿ ನಾಡಿ ಹಿಡೀಬಾರದು, ಕೈ ನಡಗತೈತಿ ಅಂತ ಎಲ್ಲಿ ಐತಿ, ತೋರಸ್ರಿ."

ಆ ನಿಯಮಕ್ಕೆ ಕಟ್ಟುಬಿದ್ದೇ ಅವರು ಜ್ವರದಲ್ಲಿದ್ದ ಹೆಂಡತಿಯನ್ನು ತಾವು ನೋಡದೆ, ಆಲಮೇಲದ ಇನ್ನೊಬ್ಬ ಹಕೀಮರ ಬಳಿಗೆ ಬಸ್ಸಿನಲ್ಲಿ ಕರೆದೊಯ್ದಿದ್ದರು. ಆಕೆ ದಾರಿಯಲ್ಲೇ ತೀರಿಕೊಂಡಿದ್ದರು.

ಎರಡು ಸಲ ಓದಿದೆ. ಇಷ್ಟು ಊರು ಸುತ್ತಿದವಳಿಗೆ ಸುಳ್ಳು ಹೇಳಲು ಚೆನ್ನಾಗಿಯೇ ಬರುತ್ತದೆ; ಅವತ್ತು ಬರಲಿಲ್ಲ. "ಇಲ್ರಿ," ಅಂದೆ.

"ಛಲೋತ್ನಂಗ ನೋಡ್ರಿ. ಅಕ್ಷರ ಸಣ್ಣವು ಅದಾವು."

"ನೋಡಿದೆರಿ. ಎಲ್ಲೂ ಇಲ್ಲ."

ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಆ ಸಣ್ಣ ಅಕ್ಷರಗಳ ಮೇಲೆ ಬೆರಳಾಡಿಸಿದರು. ಆಮೇಲೆ, "ನಮ್ಮ ಅಮ್ಮಾಗ ಅಬ್ಬಾನೇ ನಾಡಿ ಹಿಡಿದು ಔಷಧ ಕೊಟ್ಟಿದ್ರು. ಆಕಿ ಉಳೀಲಿಲ್ಲ. ಅದಾದ ಮ್ಯಾಲೇ ನನಗ ಈ ಮಾತು ಹೇಳಿಕೊಟ್ರು ನೋಡ್ರಿ," ಅಂದರು. ಪುಸ್ತಕವನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. "ಅಬ್ಬಾ ಸುಳ್ಳ ಹೇಳಿದ್ರು ಅಂತ ಆಗೋದು ಬ್ಯಾಡ್ರಿ. ಒಂದು ಹಾಳಿ ಹೋಗೇತಿ ಅಂತ ಬರಕೋರಿ."

ಒಂದು ಹಾಳೆಯೂ ಹೋಗಿರಲಿಲ್ಲ. ಹೋಗಿದೆ ಎಂದೇ ಬರೆದೆ. ಅದನ್ನು ಹುಡುಕಿಸಿರೆಂದು ನಮ್ಮ ಕಚೇರಿಯಿಂದ ಈಗಾಗಲೇ ಎರಡು ಪತ್ರ ಬಂದಿವೆ.