ಬೆಂಕಿಪೊಟ್ಟಣದ ಚೌಡಪ್ಪ

ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಬೀದಿಯಲ್ಲಿ ಸೀರೆ ವ್ಯಾಪಾರಿ ಚೌಡಪ್ಪನವರಿಗೆ ಒಂದು ಮಾತು ಹೇಳಿ ದಕ್ಕಿಸಿಕೊಂಡವರಿಲ್ಲ. ಇವತ್ತು ಏಕಾದಶಿ ಎಂದರೆ ಸಾಕು, "ಹೆಂಗೆ ಗೊತ್ತು?" ಎನ್ನುತ್ತಾರೆ. ಕ್ಯಾಲೆಂಡರಿನಲ್ಲಿದೆ ಎಂದರೆ, "ಕ್ಯಾಲೆಂಡರ್ ಮಾಡ್ದೋನಿಗೆ ಹೆಂಗೆ ಗೊತ್ತು?" ಮಧ್ಯಾಹ್ನ ಕರೆಂಟು ಹೋಗುತ್ತದೆಂದು ಮಗ್ಗದವರೆಲ್ಲ ಬೇಗ ಊಟಕ್ಕೆದ್ದರೂ ಇವರು ಫ್ಯಾನು ನಿಲ್ಲುವುದನ್ನು ಕಣ್ಣಾರೆ ಕಂಡೇ ಏಳುವವರು. ಬೀಡಿ ಸೇದದ ಈ ಮನುಷ್ಯನ ಜೇಬಿನಲ್ಲಿ ಸದಾ ಒಂದು ಬೆಂಕಿಪೊಟ್ಟಣ. ಯಾವ ಸೀರೆ ಬಂದರೂ ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು, ಸುಟ್ಟು, ಮೂಸುತ್ತಾರೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕರಗಿ ಗಂಟಾದರೆ ಪಾಲಿಯೆಸ್ಟರ್. ಮಗನ ಮದುವೆಯಲ್ಲಿ ಬೀಗರು ತಂದ ಸೀರೆಯ ಎಳೆಯನ್ನು ಹೋಮದ ಬೆಂಕಿಗೇ ಹಿಡಿದು ಮೂಸಿದವರು. ಅವರ ಹೆಂಡತಿ ಕದಿರಮ್ಮ ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೂ ತೀರಿಹೋದ ತಾಯಿ ಕೊಟ್ಟ ಹಸಿರು ಸೀರೆ ಉಟ್ಟು, "ಅಪ್ಪಟ ರೇಷ್ಮೆ, ನಮ್ಮಮ್ಮನೇ ಹೇಳಿದ್ಲು" ಎಂದು ಅರಿಶಿನ ಕುಂಕುಮಕ್ಕೆ ಬಂದವರಿಗೆಲ್ಲ ತೋರಿಸುತ್ತಾರೆ. ಅದರ ಹೊಳಪು ನೋಡಿದರೆ ಪಾಲಿಯೆಸ್ಟರ್ ಎಂದು ನಮ್ಮ ಬೀದಿಯ ಮಕ್ಕಳೂ ಹೇಳಿಯಾರು. ಹಬ್ಬ ಮುಗಿದ ಮೇಲೆ ಅದನ್ನು ಮಡಿಸಿ ಬೀರುವಿನಲ್ಲಿಡುವವರು ಚೌಡಪ್ಪನವರೇ. ಈ ಸಲ ಹಬ್ಬದ ದಿನ ಪಕ್ಕದ ಮಗ್ಗದ ಅಂಜನ್ ಚೌಡಪ್ಪನವರ ಕಿವಿಯ ಹತ್ತಿರ ಬಾಗಿ, "ಅಣ್ಣ, ಅತ್ಗೆ ಸೀರೆಗೂ ಒಂದು ಕಡ್ಡಿ ಗೀರಣ್ವಾ?" ಎಂದ. ಚೌಡಪ್ಪನವರು ಬೆಂಕಿಪೊಟ್ಟಣವನ್ನು ಜೇಬಿನ ತಳಕ್ಕೆ ತಳ್ಳಿದರು. "ಅದು ರೇಷ್ಮೆನೇ ಕಣಪ್ಪ, ನಂಗೊತ್ತು" ಎಂದರು. ಹೆಂಗೆ ಗೊತ್ತು ಎಂದು ಅಂಜನ್ ಕೇಳಲಿಲ್ಲ.