ಬೀಗದಣ್ಣನ ಮೈಯೊಳಗಿನ ಪುಡಿ

ಬೀಗದಣ್ಣನ ಬಾಯಲ್ಲಿ ಹಿತ್ತಾಳೆ ರುಚಿ ಶುರುವಾದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಅರ್ಧ ಆಯುಸ್ಸು ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಕೂತು ಬೀಗದ ಕೈ ಕತ್ತರಿಸಿದವನು. ಮಿಷನ್ನಿನಿಂದ ಸಿಡಿದ ಹಿತ್ತಾಳೆ ಪುಡಿ ಅವನ ಹುಬ್ಬಲ್ಲಿ, ಜೇಬಲ್ಲಿ, ಒಮ್ಮೊಮ್ಮೆ ಹಾಸಿಗೆಯಲ್ಲೂ ಮಿಂಚುತ್ತಿತ್ತು. ಅಂಥವನ ಮೈ ತುರಿಸಿದರೆ, ಕಿವಿ ಗುಂಯ್ ಎಂದರೆ, ಕಾರಣ ಹುಡುಕಲು ದೂರ ಹೋಗಬೇಕೇ?

ಇವುಗಳ ಜೊತೆಗೇ ತೊಡೆಸಂದಿನಲ್ಲಿ ಕಾಣಿಸಿಕೊಂಡ ಊತ ಮಾತ್ರ ಈ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅವನ ಸೊಂಟದ ಕೀಲು ಕೆಟ್ಟು, ಲೋಹದ ಕೀಲು ಕೂರಿಸಿದ್ದರು. ಅದು ಎಂದೂ ತಕರಾರು ಮಾಡಿರಲಿಲ್ಲ. ಹಾಗಾಗಿ ಊತ ಕೂತು ಕೂತು ಬಂದದ್ದೆಂದು ಅವನೇ ತೀರ್ಪು ಕೊಟ್ಟ.

"ಆ ಹಾಳು ಪುಡಿ ನಿಮ್ಮನ್ನ ತಿಂದುಹಾಕ್ತಿದೆ ಕಣ್ರೀ. ಅಂಗಡಿ ಬಿಟ್ಬಿಡಿ," ಎಂದಳು ಹೆಂಡತಿ.

"ಬಿಟ್ಟು ಏನ್ಮಾಡ್ಲಿ? ನಿನ್ನ ಮುಖ ನೋಡ್ಕೊಂಡು ಕೂತ್ಕೊಳ್ಳಲಾ?"

"ನೋಡ್ಬಾರದಂಥ ಮುಖವೇನಲ್ಲ ಬಿಡಿ."

ಬೀಗದಣ್ಣ ನಕ್ಕ, ಆದರೆ ಜಗ್ಗಲಿಲ್ಲ. ಅಂಗಡಿಯೆಂದರೆ ಅವನಿಗೆ ಪ್ರಾಣ. ಅಳುಮುಖ ಹೊತ್ತು ಬಂದವರು ಹೊಸ ಬೀಗದ ಕೈ ಹಿಡಿದು ನಗುತ್ತಾ ಹೋಗುವುದನ್ನು ನೋಡುವ ಸುಖ ಬೇರೆಲ್ಲೂ ಇಲ್ಲವೆಂದು ನಂಬಿದ್ದ. ಹೆಂಡತಿ ಊಟ ಬಿಟ್ಟಳು, ಮಾತು ಬಿಟ್ಟಳು, ಕೊನೆಗೆ ಕಣ್ಣೀರು ಹಾಕಿದಳು. ಅದಕ್ಕೆ ಅವನ ಹತ್ತಿರ ಮದ್ದಿರಲಿಲ್ಲ. ಮಿಷನ್ ಮಾರಿದ. ಗೂಡಂಗಡಿಯಲ್ಲಿ ಈಗ ಯಾವನೋ ಫೋನಿನ ಕವರು ನೇತುಹಾಕಿಕೊಂಡು ಕೂತಿದ್ದಾನೆ.

ಶುದ್ಧ ಗಾಳಿಯಲ್ಲಿ ಓಡಾಡಿದರೆ ಮೈಯೊಳಗಿನ ಪುಡಿಯೆಲ್ಲ ಬೆವರಲ್ಲಿ ಇಳಿದುಹೋಗುತ್ತದೆ ಎಂದು ಹೆಂಡತಿಯ ನಂಬಿಕೆ. ಬೆಳಿಗ್ಗೆ ಕೆರೆಯ ಸುತ್ತ, ಸಂಜೆ ಗುಡ್ಡದ ಕಡೆಗೆ ಕೈ ಹಿಡಿದು ನಡೆಸಿದಳು. ಇಳಿಯಬೇಕಾದದ್ದು ಏರತೊಡಗಿತು. ಒಮ್ಮೆ ಕೂಗಿದರೆ ಅವನಿಗೆ ಕೇಳುತ್ತಿರಲಿಲ್ಲ. ನಡುಮನೆಗೆ ಬಂದವನು ಬಂದದ್ದೇಕೆಂದು ಮರೆತು ನಿಲ್ಲುತ್ತಿದ್ದ. ಪುಡಿ ಮುಟ್ಟದೆ ತಿಂಗಳುಗಳೇ ಕಳೆದಿದ್ದವು, ಮತ್ತೆ ಇದೆಲ್ಲ ಎಲ್ಲಿಂದ? ಬೀಗದಣ್ಣ ಕಕ್ಕಾಬಿಕ್ಕಿಯಾದ. ಅಂಗಿ ಕೊಡವಿದ, ಹಾಸಿಗೆ ಕೊಡವಿದ. ಏನೂ ಉದುರಲಿಲ್ಲ. ತನಗೆ ತಲೆಯೇ ಕೆಟ್ಟಿತೇನೋ ಎಂದು ಒಳಗೊಳಗೇ ಹೆದರಿದ.

ಊತ ನೋಯತೊಡಗಿದ ಮೇಲೆ ಮೂಳೆ ಡಾಕ್ಟರಮ್ಮನ ಹತ್ತಿರ ಹೋದರು. ಅವರು ರಕ್ತದ ವರದಿ, ಸ್ಕ್ಯಾನು ಎರಡನ್ನೂ ನೋಡಿ, ಒಂದು ಮುಷ್ಟಿಯನ್ನು ಇನ್ನೊಂದು ಅಂಗೈಯಲ್ಲಿಟ್ಟು ತಿರುಗಿಸಿ ತೋರಿಸಿದರು.

"ನಿಮ್ಮ ಕೀಲಿನ ಗುಂಡೂ ಲೋಹ, ಅದು ಕೂರೋ ಬಟ್ಟಲೂ ಲೋಹ. ಉಜ್ಜಿ ಉಜ್ಜಿ ಸವೀತಿವೆ. ಪುಡಿ ಒಳಗೇ ಬೀಳ್ತಿದೆ. ಮೈ ಅದನ್ನ ಶತ್ರು ಅನ್ಕೊಂಡು ಹೋರಾಡ್ತಿದೆ, ಅದಕ್ಕೇ ಊತ. ರಕ್ತಕ್ಕೂ ಸೇರಿದೆ. ಬಾಯಿ ರುಚಿ, ಕಿವಿ, ಮರೆವು, ಎಲ್ಲ ಅದರದ್ದೇ ಇರಬೇಕು. ಕೀಲು ಬದಲಾಯಿಸೋಣ."

"ಹಾಗಾದ್ರೆ ನನ್ನ ಅಂಗಡಿ ಪುಡಿ?" ಎಂದ ಬೀಗದಣ್ಣ. ನಡೆದದ್ದನ್ನೆಲ್ಲ ಹೇಳಿದ.

"ಅದಕ್ಕೂ ಇದಕ್ಕೂ ಸಂಬಂಧ ಕಾಣ್ತಿಲ್ಲ. ಕೂತು ಮಾಡೋ ಕೆಲಸ, ನಿಮಗೆ ಒಳ್ಳೇದೇ ಆಗಿತ್ತು. ಈ ಕೀಲಲ್ಲಿ ನಡೆದಷ್ಟೂ ಸವೆತ ಜಾಸ್ತಿ. ಆಪರೇಷನ್ ಆಗೋವರೆಗೆ ಓಡಾಟ ಕಡಿಮೆ ಮಾಡಿ."

ಹೊರಗೆ ಬಂದ ಮೇಲೆ ಹೆಂಡತಿ ಗೋಡೆಗೆ ಒರಗಿದಳು. "ಅಂಗಡಿನೂ ಬಿಡಿಸಿ, ನಾನೇ ಕೈ ಹಿಡಿದು ನಡೆಸಿದ್ನಲ್ರೀ."

ಬೀಗದಣ್ಣನಿಗೆ ಅಂಗಡಿ ನೆನೆದರೆ ಹೊಟ್ಟೆ ಉರಿಯುತ್ತಿತ್ತು. ಆದರೆ ಕೆರೆಯ ಸುತ್ತ ಅವಳ ಜೊತೆ ಹರಟುತ್ತಾ ನಡೆದಷ್ಟು ಖುಷಿ ಮದುವೆಯ ಹೊಸದರಲ್ಲೂ ಇರಲಿಲ್ಲ. ಸಿಟ್ಟು ಮಾಡೋಣವೆಂದರೆ ಯಾರ ಮೇಲೆ? ಅಭ್ಯಾಸಬಲದಿಂದ ಕೈ ಚಾಚಿದವಳು ಬೆಂಕಿ ಮುಟ್ಟಿದವಳಂತೆ ಹಿಂದಕ್ಕೆಳೆದುಕೊಂಡಳು. ಅವನೇ ಆ ಕೈ ಹಿಡಿದುಕೊಂಡ. ಆಮೇಲೆ, ಹೆಜ್ಜೆಗೆಂದು ಎತ್ತಿದ ಕಾಲನ್ನು ಊರಬೇಕೋ ಬೇಡವೋ ತಿಳಿಯದೆ, ಅಲ್ಲೇ ನಿಂತ.